ಗರಸು ದಾರಿಯ ಡ್ರೈವರಣ್ಣ

ಕಳೆದ ತಿಂಗಳು ನಮ್ಮ ಡ್ರೈವರಣ್ಣ ತೀರಿಕೊಂಡ ದಿನ ಮುಕ್ತಿ ವಾಹನ ಬಂದು ಅವರ ಅಂಗಳದಲ್ಲಿ ತಿರುಗುತ್ತಿತ್ತು. ಗಾಲಿ ಕುರ್ಚಿಯಲ್ಲಿ ಕುಳಿತು ಒಂದೇ ಕೈಯಲ್ಲಿ ಎದೆ ಬಡಿದುಕೊಂಡು ಅಳುತ್ತಿದ್ದ ಅವರ ಹೆಂಡತಿ ಥಟ್ಟನೆ ಅಳು ನಿಲ್ಲಿಸಿದರು. "ಯಪ್ಪಾ, ನಿಂತಲ್ಲೇ ಸ್ಟೇರಿಂಗ್ ತಿರುವಬ್ಯಾಡ, ಗರಸು ಕಿತ್ತು ಬರ್ತೈತಿ" ಎಂದು ಆ ಗಾಡಿಯವನಿಗೆ ಹೇಳಿದರು. ಅವನು ಕಕ್ಕಾಬಿಕ್ಕಿಯಾಗಿ ಗಾಡಿಯನ್ನು ಮುಂದಕ್ಕೆ ಉರುಳಿಸಿ, ನಿಧಾನವಾಗಿ ತಿರುಗಿಸಿದ ಮೇಲೆ ಬಿಟ್ಟಲ್ಲಿಂದ ಅಳು ಮುಂದುವರಿಸಿದರು. ನೆರೆದಿದ್ದ ಹೆಂಗಸರು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಅಳುವುದಕ್ಕೋ ನಗುವುದಕ್ಕೋ ಎಂದು ನಾನು ಯಾರನ್ನೂ ಕೇಳಲಿಲ್ಲ. ನನ್ನ ಬಾಯಲ್ಲೂ ಸೆರಗಿತ್ತು.

ಅವರ ಹೆಸರು ನಮ್ಮ ಕಡೆ ಯಾರ ಬಾಯಲ್ಲೂ ಓಡಾಡಲಿಲ್ಲ. ಅವರು ಎಲ್ಲರಿಗೂ ಡ್ರೈವರಣ್ಣ, ಅವರ ಹೆಂಡತಿ ಎಲ್ಲರಿಗೂ ಅತ್ತಿಗಿ. ಹರಪನಹಳ್ಳಿ ಊರು ಮುಗಿದು ತೆಲಿಗಿ ಕಡೆಯ ಹೊಲಗಳು ಶುರುವಾಗುವಲ್ಲಿ, ಡಾಂಬರು ರಸ್ತೆಗೆ ಮುಖ ಮಾಡಿ ನಮ್ಮ ಮನೆಯಿದೆ. ನಮ್ಮ ಗೋಡೆಯ ಪಕ್ಕದಿಂದ ಒಂದು ದಾರಿ ಒಳಗೆ ಹೊರಟು, ಎರಡು ಹೊಲಗಳ ನಡುವೆ ಸಾಗಿ, ಅವರ ಅಂಗಳದಲ್ಲಿ ಮುಗಿಯುತ್ತದೆ. ಇನ್ನೆಲ್ಲಿಗೂ ಹೋಗುವುದಿಲ್ಲ. ಸರ್ಕಾರಿ ಬಸ್ಸು ಓಡಿಸಿ ನಿವೃತ್ತರಾದ ಆ ಮನುಷ್ಯ ಉಳಿದ ಆಯುಷ್ಯವನ್ನೆಲ್ಲ ಈ ದಾರಿಗೆ ಸುರಿದರು. ಗುಡ್ಡದಿಂದ ಗರಸು ತರಿಸಿದರು. ಸಣ್ಣ ಕಲ್ಲು ಬೆರೆತ ಗಡಸು ಕೆಂಪು ಮಣ್ಣು ಅದು. ಅದನ್ನು ಹರವಿ, ನೀರು ಹೊಡೆದು, ಬಡಿದು, ದಾರಿ ಮಾಡಿದರು. ತಮಾಷೆಯೆಂದರೆ ಅವರ ಹತ್ತಿರ ಒಂದು ಸೈಕಲ್ ಕೂಡ ಇರಲಿಲ್ಲ.

ಹಾಗಾದರೆ ಯಾರ ಮೆರವಣಿಗೆಗೆ ಈ ರಾಜಬೀದಿ ಎಂದು ನಾನೊಮ್ಮೆ ಕೆಣಕಿದ್ದೆ. "ಇಷ್ಟು ವರ್ಷ ಮಂದಿ ಮಾಡಿದ ರೋಡಿನ ಮ್ಯಾಲ ಗಾಡಿ ಓಡಿಸಿ, ಮಂದೀನ ಬೈದೀನಿ ತಂಗಿ. ನಾ ಮಾಡಿದ ರೋಡಿಗೆ ಯಾರರ ಬೈಯ್ಲಿ, ನೋಡೂಣು" ಅಂದರು.

ಯಾರೂ ಬೈಯಲಿಲ್ಲ, ಅದೇ ಅವರ ಸೊಕ್ಕಿಗೆ ಕಾರಣವಾಯಿತು. ಮನೆಗೆ ಬಂದವರಿಗೆ ನೀರು ಕೊಡುವ ಮುಂಚೆಯೇ ದಾರಿ ಹೇಗಿತ್ತೆಂದು ಕೇಳುತ್ತಿದ್ದರು. ಚೆನ್ನಾಗಿತ್ತು ಅಂದರೆ ಚಹಾ, ಬಹಳ ಚೆನ್ನಾಗಿತ್ತು ಅಂದರೆ ಮಂಡಕ್ಕಿ ಮೆಣಸಿನಕಾಯಿ. ಹಡಗಲಿಯಿಂದ ಬೀಗರು ಬಂದಾಗ ಆರೋಗ್ಯ ಹೇಗಿದೆ ಎಂದು ಅವರು ಕೇಳಿದ್ದಕ್ಕೆ, ಬಲಗಡೆ ಸ್ವಲ್ಪ ನೀರು ನಿಲ್ಲುತ್ತದೆ ಎಂದು ಈ ಪುಣ್ಯಾತ್ಮ ಉತ್ತರ ಕೊಟ್ಟರಂತೆ. ಬೀಗರು ಗಾಬರಿಯಾಗಿ ಯಾವ ಡಾಕ್ಟರಿಗೆ ತೋರಿಸಿದಿರಿ ಅಂದರಂತೆ. ಇದನ್ನು ಅತ್ತಿಗಿ ಎಷ್ಟು ಸಲ ಹೇಳಿದರೂ ನಮಗೆ ಹೊಟ್ಟೆ ಹುಣ್ಣಾಗುವಷ್ಟು ನಗು ಬರುತ್ತಿತ್ತು.

ದಾರಿಯ ಕಾನೂನುಗಳು ಬಹಳ ಇದ್ದವು. ಗಕ್ಕನೆ ಬ್ರೇಕ್ ಹಾಕಬಾರದು, ಗರಸು ಮುಂದಕ್ಕೆ ಜರುಗುತ್ತದೆ. ನಿಂತ ಗಾಡಿಯ ಗಾಲಿ ತಿರುವಬಾರದು, ನೆಲ ಅರೆದಂತಾಗುತ್ತದೆ. ಗ್ಯಾಸ್ ತರುವ ಆಟೊದವನು, ಹಾಲಿನವನು, ಎಲ್ಲರೂ ಈ ಪಾಠ ಕಲಿತೇ ಒಳಗೆ ಬರಬೇಕಿತ್ತು. ನಾನು ತೆಲಿಗಿ ಶಾಲೆಯ ಟೀಚರು, ಪಾಠ ಹೇಳಿ ಅಭ್ಯಾಸವೇ ಹೊರತು ಹೇಳಿಸಿಕೊಂಡು ಅಲ್ಲ. ಮೂಗಿನ ತುದಿಯಲ್ಲೇ ಸಿಟ್ಟು ಬೇರೆ. ನನ್ನ ಸ್ಕೂಟಿ ಅವರ ಅಂಗಳದಲ್ಲಿ ಗರ್ರನೆ ನಿಂತರೆ ಅವರು ಒಂದು ಮಾತೂ ಬೈಯುತ್ತಿರಲಿಲ್ಲ. ಸಲಿಕೆ ತಂದು, ನನ್ನ ಮುಖ ನೋಡುತ್ತಲೇ ಆ ಗೀರು ಮುಚ್ಚುತ್ತಿದ್ದರು. ಬೈದಿದ್ದರೆ ತಿರುಗಿ ಬೈದು ಹಗುರಾಗಬಹುದಿತ್ತು.

ತಗ್ಗು ಕಂಡರೆ ನಾವೆಲ್ಲ ಮುಚ್ಚುತ್ತೇವೆ, ಅವರು ಮೊದಲು ಅಗೆಯುತ್ತಿದ್ದರು. ಒಂದು ಮಳೆಗಾಲದಲ್ಲಿ ಪಾಪ ಅನಿಸಿ ನಾನೇ ಒಂದು ಬುಟ್ಟಿ ಗರಸು ತಂದು ಒಂದು ತಗ್ಗಿಗೆ ಸುರಿದೆ. ಸಂಜೆ ನೋಡಿದರೆ ಅಷ್ಟನ್ನೂ ತೆಗೆದು ಪಕ್ಕಕ್ಕೆ ಹಾಕಿ, ಆ ತಗ್ಗನ್ನು ಮೊಣಕಾಲುದ್ದ ಮಾಡಿ ಕೂತಿದ್ದಾರೆ. ತಳ ಸಡಿಲ ಇಟ್ಟುಕೊಂಡು ಮೇಲೆ ಹೊದಿಸಿದರೆ ನಾಳೆ ಮತ್ತೆ ಬಾಯಿ ಬಿಡುತ್ತದೆ ಎಂದು ಸಮಾಧಾನ ಹೇಳಿದರು. ಆಮೇಲೆ ನಾನು ಆ ದಾರಿಗೆ ಪಾಪ ಅನ್ನಲು ಹೋಗಲಿಲ್ಲ.

ದಾರಿಯ ನಡು ಆಮೆಯ ಬೆನ್ನಿನಂತೆ ಉಬ್ಬಿರಬೇಕು, ಬಿದ್ದ ನೀರು ಎರಡೂ ಕಡೆ ಇಳಿದು ಹೋಗಬೇಕು ಎಂಬುದು ಅವರ ಇನ್ನೊಂದು ಹಟ. ಆ ಉಬ್ಬು ಸರಿ ಇದೆಯೋ ಇಲ್ಲವೋ ನೋಡಲು ಒಂದು ಕಣ್ಣು ಮುಚ್ಚಿ, ಕೆನ್ನೆಯನ್ನು ನೆಲಕ್ಕೆ ಹಚ್ಚಿ ಉದ್ದಕ್ಕೆ ಮಲಗಿಬಿಡುತ್ತಿದ್ದರು. ಮೊದಲ ಸಲ ಅದನ್ನು ಕಂಡ ಹೂವಿನವಳು ಕಿಟಾರನೆ ಕಿರುಚಿ, ಬುಟ್ಟಿ ಬಿಸಾಕಿ ನಮ್ಮ ಮನೆಗೆ ಓಡಿ ಬಂದಳು. ನಾನು ತಂಬಿಗೆ ನೀರು ಹಿಡಿದು ಓಡಿದೆ. ಮಲಗಿದ್ದ ಹೆಣ ಕೈ ಎತ್ತಿ, ಬೆಳಕಿಗೆ ಅಡ್ಡ ನಿಲ್ಲಬೇಡಿ ಅಂದಿತು.

ವರ್ಷಕ್ಕೊಮ್ಮೆ ದೀಪಾವಳಿಯ ಆಸುಪಾಸಿನಲ್ಲಿ ಪಕ್ಕದ ಹೊಲದವನ ಎತ್ತು ತಂದು, ಕುಂಟೆ ಹೂಡಿ, ಮಳೆಗೆ ಎದ್ದ ಉಬ್ಬುತಗ್ಗು ಸಮವಾಗಲೆಂದು ದಾರಿಯನ್ನು ಹೊಲದಂತೆ ಹರಗುತ್ತಿದ್ದರು. ಕುಂಟೆ ಮೇಲೇಳದಂತೆ ಭಾರ ಬೇಕಲ್ಲ, ಅದರ ಮೇಲೆ ಅತ್ತಿಗಿಯನ್ನು ನಿಲ್ಲಿಸುತ್ತಿದ್ದರು. ದಪ್ಪನೆಯ ಹೆಂಗಸು, ಸೀರೆ ಎತ್ತಿ ಕಟ್ಟಿ, ಹಗ್ಗ ಹಿಡಿದು ನಿಂತು, ಎತ್ತಿಗೂ ಗಂಡನಿಗೂ ಒಂದೇ ದನಿಯಲ್ಲಿ ಬೈಯುತ್ತಾ ಡಾಂಬರು ರಸ್ತೆಯವರೆಗೆ ಬರುತ್ತಿದ್ದರು. ಹೋಗುವ ಬಸ್ಸಿನವರು ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದರೆ ಅವರಿಗೂ ಒಂದು ಬೈಗುಳ ಸಿಗುತ್ತಿತ್ತು.

ಆ ರಸ್ತೆಯೇ ಅತ್ತಿಗಿಯ ಜೀವ. ನಮ್ಮ ಮನೆಯ ಎದುರಿಗೆ ಬಸ್ಸಿನ ತಂಗುದಾಣವಿದೆ, ಒಳಗೊಂದು ಸಿಮೆಂಟಿನ ಕಟ್ಟೆ. ಸಂಜೆಯಾದರೆ ಅತ್ತಿಗಿ ನಡೆದು ಬಂದು ಅಲ್ಲಿ ಕುಳಿತುಕೊಳ್ಳುತ್ತಿದ್ದರು. ಕೂಲಿಯಿಂದ ಬಂದವರು, ಸಂತೆಯಿಂದ ಇಳಿದವರು, ತವರಿಗೆ ಹೊರಟವರು, ಎಲ್ಲ ಹೆಂಗಸರೂ ಅವರ ಮುಂದೆ ಹಾಜರಿ ಹಾಕಿಯೇ ಹೋಗಬೇಕು. ಯಾರ ಸೊಸೆ ಬಸುರಿ, ಯಾರ ಮೊಣಕಾಲಿಗೆ ಏನು ಎಣ್ಣೆ, ಎಲ್ಲ ಅಲ್ಲೇ ತೀರ್ಮಾನ. ಡ್ರೈವರಣ್ಣ ಮಾತ್ರ ಆ ಕಟ್ಟೆಯ ಕಡೆ ಸುಳಿಯುತ್ತಿರಲಿಲ್ಲ. ಹೆಂಗಸರ ಪಾರ್ಲಿಮೆಂಟಿನಲ್ಲಿ ತನಗೇನು ಕೆಲಸ ಎಂದು ದಾರಿಯ ಆ ತುದಿಯಲ್ಲೇ ನಿಂತಿರುತ್ತಿದ್ದರು.

ಹೋದ ವರ್ಷ ಬೇಸಿಗೆಯಲ್ಲಿ ಅತ್ತಿಗಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಪುಣ್ಯಕ್ಕೆ ನಾಲಿಗೆ ಬೇಗ ಸರಿಯಾಯಿತು. ಹಡಗಲಿಯಲ್ಲಿರುವ ಮಗಳು ಗಾಲಿ ಕುರ್ಚಿ ತಂದುಕೊಟ್ಟಳು. ಅದರಲ್ಲಿ ಕೂರಿಸಿಕೊಂಡು ಡ್ರೈವರಣ್ಣ ಮೊದಲ ಸಲ ಹೊರಟ ಸಂಜೆ ನಾನು ನಮ್ಮ ಮನೆಯ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆ. ಅಂಗಳ ದಾಟಿದ್ದೇ ಕುರ್ಚಿಯ ಮುಂದಿನ ಸಣ್ಣ ಗಾಲಿಗಳು ಗರಸಿನಲ್ಲಿ ಹೂತುಕೊಂಡವು, ಕುರ್ಚಿ ಮುಗ್ಗರಿಸಿತು. ಅತ್ತಿಗಿ ಇನ್ನೇನು ಮುಖ ಅಡಿಯಾಗಿ ಬೀಳಬೇಕು, ಅವರು ಹಿಂದಿನಿಂದ ತಬ್ಬಿ ಹಿಡಿದರು. ನಾನು ಓಡಿ ಹೋದೆ. "ಸಾಕು. ಇನ್ಮ್ಯಾಲ ನನ್ನ ಹೊರಗ ಕರಕಂಡು ಬರಬ್ಯಾಡ್ರಿ" ಅಂದರು ಅತ್ತಿಗಿ. ಅಂದಿನಿಂದ ಪಡಸಾಲೆ ಬಿಟ್ಟು ಕದಲಲಿಲ್ಲ.

ತಂಗುದಾಣದ ಹೆಂಗಸರು ಕೆಲವು ದಿನ ಕೇಳಿದರು. ಕೆಲವರು ಮನೆಗೇ ಹೋದರು. ಅತ್ತಿಗಿ ತಲೆನೋವು ಎಂದು ಗೋಡೆಯ ಕಡೆ ತಿರುಗಿ ಮಲಗಿಬಿಡುತ್ತಿದ್ದರು. ಅಷ್ಟು ಮಾತಿನ ಹೆಂಗಸು ಮಾತು ಬಿಟ್ಟರು. ಊಟವೂ ಕಡಿಮೆಯಾಯಿತು. ಇದೆಲ್ಲ ತಮ್ಮ ದಾರಿ ಮಾಡಿದ ಅನಾಹುತ ಎಂದು ಡ್ರೈವರಣ್ಣ ಒಳಗೊಳಗೇ ಕರಗಿ ಹೋದರು. ಹೆಂಡತಿಯನ್ನು ಮತ್ತೆ ಆ ಕಟ್ಟೆಗೆ ಮುಟ್ಟಿಸುವುದೊಂದೇ ಅವರ ತಲೆಯಲ್ಲಿ ಕೂತಿತು.

ಸಿಮೆಂಟ್ ಹಾಕಿಸಿ ಎಂದು ಮಗಳು ಹೇಳಿದಳು, ಪಕ್ಕದ ಹೊಲದವನು ಹೇಳಿದ, ನಾನೂ ಹೇಳಿದೆ. ಕೆಳಗಿರುವುದು ಎರೆಮಣ್ಣು, ಬೇಸಿಗೆಯಲ್ಲಿ ಬಿರಿಯುತ್ತದೆ, ಸಿಮೆಂಟೂ ಅದರ ಜೊತೆ ಬಿರಿಯುತ್ತದೆ ಅಂದರು ಡ್ರೈವರಣ್ಣ. "ಸಿಮೆಂಟು ಕೆಟ್ರ ಯಾರ್ನ ಕರೀಲಿ? ಗರಸು ಕೆಟ್ರ ನಾ ಅದೀನಿ" ಅಂದರು. ನನಗೆ ಮೈಯೆಲ್ಲ ಉರಿದುಹೋಯಿತು. ಹೆಂಡತಿಗಿಂತ ದಾರಿಯೇ ಹೆಚ್ಚಾಯಿತಲ್ಲ ಈ ಮಹಾರಾಯನಿಗೆ ಎಂದು ಒಂದು ವಾರ ಮಾತು ಬಿಟ್ಟೆ. ಅವರಿಗೆ ಅದು ಗೊತ್ತೇ ಆಗಲಿಲ್ಲ.

ಯಾಕೆಂದರೆ ಅವರು ದಾರಿಯನ್ನು ಕಣ ಮಾಡಲು ಕೂತಿದ್ದರು. ಒಕ್ಕಲುತನದ ಮನೆಯಲ್ಲಿ ಹುಟ್ಟಿದ ಜೀವ, ನುಣ್ಣನೆಯ ನೆಲ ಎಂದರೆ ಅವರಿಗೆ ನೆನಪಾದದ್ದು ರಾಶಿ ಮಾಡುವ ಕಣವೇ. ಸಡಿಲ ಗರಸನ್ನೆಲ್ಲ ಕೆರೆದು ತೆಗೆದರು. ಕೆರೆಯ ಅಂಟು ಮಣ್ಣು ತಂದು ಹರವಿದರು, ನೀರು ಚಿಮುಕಿಸಿ ಎತ್ತು ತುಳಿಸಿದರು. ಯಾರದೋ ಹಿತ್ತಲಲ್ಲಿ ಬಿದ್ದಿದ್ದ ಕಣದ ರೋಣಗಲ್ಲು ತಂದು ಉರುಳಿಸಿದರು. ಕೊನೆಗೆ ಸಗಣಿ ಸಾರಿಸಿದರು. ಒಣಗಿದ ಮೇಲೆ ನೋಡಿದರೆ ನಮ್ಮ ಮನೆಯ ನಡುಮನೆಗಿಂತ ಚಂದ. ಸುಳ್ಳು ಯಾಕೆ ಹೇಳಲಿ, ಚಪ್ಪಲಿ ಬಿಟ್ಟು ನಡೆಯೋಣ ಅನಿಸಿತು.

ಆಮೇಲೆ ಪರೀಕ್ಷೆ. ಹೊಟ್ಟೆಯೊಳಗಿನ ನೀರು ಅಲುಗಾಡದ ಹಾಗೆ ಕರೆದುಕೊಂಡು ಹೋಗುತ್ತೇನೆ ಎಂದು ಡ್ರೈವರುಗಳು ಹೇಳುವುದುಂಟು. ಇವರು ಅದನ್ನು ತೂಗಿ ನೋಡಲು ಹೊರಟರು. ಖಾಲಿ ಗಾಲಿ ಕುರ್ಚಿಯ ಮೇಲೆ ಅಂಚಿನವರೆಗೆ ನೀರು ತುಂಬಿದ ಚರಿಗೆ ಇಟ್ಟು, ಮಗುವಿನ ತೊಟ್ಟಿಲು ತಳ್ಳುವವರ ಹಾಗೆ ತಳ್ಳಿಕೊಂಡು ಬರುವುದು. ನೀರು ಎಲ್ಲಿ ತುಳುಕಿತೋ ಅಲ್ಲಿ ನೆಲದ ಮೇಲೆ ತೇವದ ಗುರುತು ಬೀಳುತ್ತದೆ. ಅಲ್ಲಿ ಅಗೆಯುವುದು, ತುಂಬುವುದು, ಬಡಿಯುವುದು, ಸಾರಿಸುವುದು, ಮತ್ತೆ ಚರಿಗೆ. ಬಸ್ಸಿಗೆ ಕಾಯುವವರು ಬಸ್ಸು ಬಿಟ್ಟು ಇದನ್ನೇ ನೋಡುತ್ತಿದ್ದರು. ನೀರು ತುಳುಕದೆ ಡಾಂಬರು ಮುಟ್ಟಿದ ಸಂಜೆ ಅವರು ಚರಿಗೆ ಎತ್ತಿ ಎಲ್ಲರಿಗೂ ತೋರಿಸಿ, ಗಟಗಟನೆ ಕುಡಿದು, ಮನೆಯ ಕಡೆ ಹೆಚ್ಚುಕಡಿಮೆ ಓಡಿದರು. ನಾಳೆ ಹೋಗೋಣ ಎಂದರಂತೆ. ಅತ್ತಿಗಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ.

ಮರುದಿನ ಬೆಳಿಗ್ಗೆ ಟ್ರ್ಯಾಕ್ಟರಿನ ಸದ್ದಿಗೆ ಹೊರಗೆ ಬಂದು ನೋಡುತ್ತೇನೆ, ಪಕ್ಕದ ಹೊಲದವನು ಒಂದು ಟ್ರೈಲರ್ ಮೆಕ್ಕೆಜೋಳವನ್ನು ದಾರಿಯ ನಡುವೆ ಸುರಿದು, ಕಾಲಲ್ಲಿ ಹರವುತ್ತಿದ್ದಾನೆ. ಡ್ರೈವರಣ್ಣ ಬಾಯಿ ತೆರೆದುಕೊಂಡು ನಿಂತಿದ್ದಾರೆ. ನನಗೆ ತಡೆಯಲಿಲ್ಲ, ಏನಪ್ಪಾ ಇದು, ಕೇಳುವುದು ಬೇಡವಾ ಅಂದೆ. ಅವನಿಗೆ ನಿಜವಾಗಿ ಆಶ್ಚರ್ಯವಾಯಿತು. "ಕಣ ಮಾಡ್ಯಾರ ಅಂದ್ರ ಕಾಳು ಹಾಕಾಕ ಅಲ್ಲೇನ್ರಿ?" ಅಂದ.

ಅವನದೂ ತಪ್ಪಲ್ಲ. ಸುಗ್ಗಿಯ ದಿನಗಳಲ್ಲಿ ನಮ್ಮ ಕಡೆ ಕಾಳು ಒಣಗಿಸಲು ಜಾಗ ಸಿಕ್ಕರೆ ಡಾಂಬರು ರಸ್ತೆಯನ್ನೂ ಬಿಡುವುದಿಲ್ಲ. ಅಂಥದ್ದರಲ್ಲಿ ಸಗಣಿ ಸಾರಿಸಿದ ಕಣ! ಮಾಡಿದವನು ಅದರ ಮೇಲೆ ಬಿದ್ದ ಕಾಳನ್ನು ತೆಗೆ ಅನ್ನುವ ಹಾಗಿಲ್ಲ. ಕುರ್ಚಿಗೊಂದು ಸಣ್ಣ ದಾರಿ ಬಿಡಿಸುತ್ತೇನೆ ಎಂದು ಡ್ರೈವರಣ್ಣ ಹೇಳಿದರೆ, ಪಡಸಾಲೆಯಿಂದ ಅತ್ತಿಗಿಯೇ ಗದರಿದರು: ಅನ್ನದ ಮೇಲೆ ಗಾಲಿ ಹಾಯಿಸುತ್ತೀರಾ ಎಂದು. ಆ ಗದರಿಕೆಯಲ್ಲಿ ನನಗೆ ಒಂದಿಷ್ಟು ನಿರಾಳವೂ ಕೇಳಿಸಿತು. ಆಗ ಅದು ಯಾಕೆಂದು ಗೊತ್ತಾಗಲಿಲ್ಲ.

ಕಾಳು ಹರವಿದವನು ಹೊಲಕ್ಕೆ ಹೋದ. ಕೋಳಿ ಬಂದವು, ಆಡು ಬಂದವು. ಅತ್ತಿಗಿ ಪಡಸಾಲೆಯಿಂದಲೇ ಹುಶ್ ಹುಶ್ ಅಂದರು. ಆಡುಗಳು ಅಷ್ಟಕ್ಕೆಲ್ಲ ಹೆದರುತ್ತವೆಯೇ? ಕೊನೆಗೆ ಸಿಟ್ಟು ನೆತ್ತಿಗೇರಿ, ನನ್ನ ಅಲ್ಲಿಗೆ ತಳ್ಳಿರಿ, ಕೈಗೊಂದು ಕೋಲು ಕೊಡಿರಿ ಎಂದು ಗಂಡನ ಮೇಲೆ ಹರಿಹಾಯ್ದರು. ಅಂಗಳದ ಅಂಚಿಗೆ, ಬೇವಿನ ನೆರಳಿಗೆ ಕುರ್ಚಿ ಬಂತು. ಎಡಗೈಯಲ್ಲಿ ಕೋಲು ಹಿಡಿದು ಅತ್ತಿಗಿ ಕೂಗಿದ ಮೊದಲ ಕೂಗಿಗೆ ಆಡುಗಳಲ್ಲದೆ ತಂಗುದಾಣದ ಹೆಂಗಸರೂ ತಿರುಗಿದರು. ಮಧ್ಯಾಹ್ನದ ಹೊತ್ತಿಗೆ ಕಾಳು ತಿರುವಲು ಬಂದ ಕೂಲಿಯವರು, ಅವರ ಜೊತೆ ಮಾತಿಗೆ ಬಂದವರು, ಸುಮ್ಮನೆ ಬಂದವರು, ಎಲ್ಲ ಆ ಕುರ್ಚಿಯ ಸುತ್ತ ಸೇರಿದ್ದರು. ಬೇಸಿಗೆಯಿಂದ ಬಾಕಿಯಿದ್ದ ಸುದ್ದಿಯೆಲ್ಲ ಕಾಳಿನ ಜೊತೆ ಹರವಿಕೊಂಡಿತು. ಕಾಳು ಒಣಗುವವರೆಗೆ ದಿನಾ ಇದೇ ನಡೆಯಿತು. ಡ್ರೈವರಣ್ಣ ಮಾತ್ರ ತನ್ನ ದಾರಿ ಕಾಣದೆ, ಹೊಲದ ಬದುವಿನ ಮೇಲೆ ಓಡಾಡುತ್ತಾ ಮುಖ ಗಂಟು ಹಾಕಿಕೊಂಡಿದ್ದರು.

ಕಾಳು ಒಣಗಿ ತುಂಬುವ ದಿನವೇ ಮಧ್ಯಾಹ್ನ ಕಪ್ಪನೆಯ ಮೋಡ ಎದ್ದಿತು. ಅತ್ತಿಗಿ ಕೋಲು ಎತ್ತಿ ಕೂಗಿದ್ದೇ ಕೂಗಿದ್ದು, ಸುತ್ತಲಿನವರೆಲ್ಲ ಓಡಿ ಬಂದರು. ಶಾಲೆಯಿಂದ ಬಂದವಳು ನಾನೂ ಚೀಲ ಹಿಡಿದೆ. ಕೊನೆಯ ಚೀಲ ಟ್ರೈಲರಿಗೆ ಏರುವುದಕ್ಕೂ ಮಳೆ ಹೊಡೆಯುವುದಕ್ಕೂ ಸರಿಹೋಯಿತು. ಕಾಳೇನೋ ಉಳಿಯಿತು. ದಾರಿ ಉಳಿಯಲಿಲ್ಲ. ನೆಂದ ಅಂಟು ಮಣ್ಣಿನಲ್ಲಿ ತುಂಬಿದ ಟ್ರ್ಯಾಕ್ಟರು ಹೂತು, ಕೊಸರಿ, ಗರಗರ ತಿರುಗಿ, ಮೊಣಕಾಲುದ್ದ ಜಾಡು ಮಾಡಿಟ್ಟು ಹೋಯಿತು. ಮಳೆ ನಿಂತ ಮೇಲೆ ಡ್ರೈವರಣ್ಣ ಸಲಿಕೆ ಹಿಡಿದು ಬಂದು ನಿಂತರು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಸಲಿಕೆ ಒರಗಿಸಿ ಒಳಗೆ ಹೋದರು. ಅವರ ಹಟಕ್ಕೆ ಅಷ್ಟು ಬೈದುಕೊಂಡಿದ್ದ ನಾನೇ ಆ ಸಲಿಕೆಯ ಕೆಸರು ತೊಳೆದಿಟ್ಟು ಬಂದೆ.

ನೆಲ ಒಂದಿಷ್ಟು ಆರಿದ ಮೇಲೆ ಒಂದು ಸಂಜೆ ಅತ್ತಿಗಿಗೆ ಮೊಸರು ಕೊಡಲು ಹೋಗಿದ್ದೆ. ಅತ್ತಿಗಿ ತಲೆ ಬಾಚಿಸಿಕೊಂಡು, ಮಡಿಚಿಟ್ಟ ಸೀರೆ ಉಟ್ಟುಕೊಂಡು ಕುರ್ಚಿಯಲ್ಲಿ ತಯಾರಾಗಿದ್ದರು. ರಸ್ತೆಗೆ ಹೋಗೋಣ ನಡೆಯಿರಿ ಎಂದು ಗಂಡನಿಗೆ ಹೇಳಿದರು. ಈ ದಾರಿಯಲ್ಲಾ ಎಂದು ಡ್ರೈವರಣ್ಣ ಅಳುವ ದನಿಯಲ್ಲಿ ಕೇಳಿದರು. ಇದೇ ದಾರಿಯಲ್ಲಿ ಅಂದರು ಅತ್ತಿಗಿ.

ಆ ಸವಾರಿಯನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಹಿಂದಿನಿಂದ ಅವರು ತಳ್ಳುವುದು, ಮುಂದಿನಿಂದ ನಾನು ಎತ್ತುವುದು. ಒಂದು ಜಾಡಿನಿಂದ ಇನ್ನೊಂದಕ್ಕೆ ಧಡಕ್ಕನೆ ಇಳಿದಾಗಲೆಲ್ಲ ಅತ್ತಿಗಿ ಅಯ್ಯಯ್ಯೋ ಎಂದು ನಗುವುದು, ಡ್ರೈವರಣ್ಣ ತಪ್ಪಾಯಿತು ತಪ್ಪಾಯಿತು ಎಂದು ಗೋಗರೆಯುವುದು. ಒಂದು ತಿಂಗಳು ತಡಿ, ಮತ್ತೆ ನುಣ್ಣಗೆ ಮಾಡುತ್ತೇನೆ, ಹನಿ ನೀರು ತುಳುಕಬಾರದು ಎಂದು ಅವರು ಏದುಸಿರಿನಲ್ಲಿ ಹೇಳುತ್ತಲೇ ಇದ್ದರು. ಅರ್ಧ ದಾರಿಯಲ್ಲಿ ಅತ್ತಿಗಿ ಕುರ್ಚಿ ನಿಲ್ಲಿಸಲು ಹೇಳಿದರು.

"ದಾರಿ ಕೆಟ್ಟೈತಿ ಅಂತ ನಾ ಒಳಗ ಕುಂತಿದ್ದಿಲ್ರಿ" ಅಂದರು. "ನಾಕು ಮಂದಿ ಮುಂದ ಈ ಕುರ್ಚಿ ಮ್ಯಾಲ ಬರಾಕ ನಾಚಿಕಿ ಆಗ್ತಿತ್ತು. ನಿಮಗ ಹೆಂಗ ಹೇಳ್ಲಿ? ನೀವು ದಾರಿ ಕಡಿಗೇ ನೋಡಾಕತ್ತಿದ್ರಿ."

ನಾನು ಕುರ್ಚಿಯ ಮುಂದೆ ಬಗ್ಗಿದ್ದವಳು ತಲೆ ಎತ್ತಲಿಲ್ಲ. ಆಮೇಲೆ ಕುರ್ಚಿ ಮುಂದೆ ಹೋಯಿತು.

ತಂಗುದಾಣ ಮುಟ್ಟಿದೆವು. ಕಣಕ್ಕೆ ಬಂದು ಹೋಗಿದ್ದ ಹೆಂಗಸರು ಇದ್ದರು, ಮಾತು ಎದ್ದಿತು. ಅಷ್ಟರಲ್ಲಿ ಹರಪನಹಳ್ಳಿಯ ಬಸ್ಸು ಬಂದು ನಿಂತಿತು. ಕಿಟಕಿಗಳಲ್ಲಿ ಗುರುತಿಲ್ಲದ ಮುಖಗಳು ಒಂದಾದ ಮೇಲೊಂದು ಕುರ್ಚಿಯ ಕಡೆ ತಿರುಗಿದವು. ಅತ್ತಿಗಿ ಮಾತಿನ ನಡುವೆಯೇ ಎಡಗೈಯಲ್ಲಿ ಸೀರೆಯ ನೆರಿಗೆ ಎಳೆದು ಗಾಲಿಯ ಮೇಲೆ ಮುಚ್ಚಿಕೊಂಡರು. ಡ್ರೈವರಣ್ಣ ಅದನ್ನು ನೋಡಿದರು. ಬಸ್ಸು ಹೋಗುವವರೆಗೂ ಆ ಕೈಯನ್ನೇ ನೋಡುತ್ತಿದ್ದರು.

ಮರುದಿನ ಹಗಲೆಲ್ಲ ಜಾಡುಗಳಿಗೆ ಒಂದಿಷ್ಟು ಮಣ್ಣು ಎಳೆದು, ಸಂಜೆ ಅವರು ಮತ್ತೆ ಬಂದರು. ಎರಡೂ ಕೈಯಲ್ಲಿ ಅತ್ತಿಗಿಯ ಕುರ್ಚಿ ತಳ್ಳುತ್ತಿದ್ದರು. ತಲೆಯ ಮೇಲೆ ಕೆಂಪು ಪ್ಲಾಸ್ಟಿಕ್ ಕುರ್ಚಿಯೊಂದನ್ನು ಬೋರಲು ಹಾಕಿಕೊಂಡಿದ್ದರು, ಅದರ ನಾಲ್ಕೂ ಕಾಲು ಆಕಾಶಕ್ಕೆ. ಎಂದೂ ಹೆಂಗಸರ ಕಟ್ಟೆಯ ಕಡೆ ಸುಳಿಯದ ಮನುಷ್ಯ ಅದನ್ನು ಇಳಿಸಿ, ಅತ್ತಿಗಿಯ ಪಕ್ಕದಲ್ಲಿ ಹಾಕಿಕೊಂಡು, ಅವರ ಪಾರ್ಲಿಮೆಂಟಿನ ನಡುವೆ ಕುಳಿತರು. ಹೆಂಗಸರು ಬಿದ್ದು ಬಿದ್ದು ನಕ್ಕರು. ಏನ್ರಿ ಇದು ವೇಷ ಎಂದು ಅತ್ತಿಗಿ ಬೈದರು, ಬೈಯುತ್ತಲೇ ಅವರಿಗೂ ನಗು ಬಂತು. ಮರಳಿ ಹೊರಡುವಾಗ ಸರಿಯಾಗಿ ಬಸ್ಸು ಬಂತು, ಮತ್ತೆ ಕುರ್ಚಿ ತಲೆಗೇರಿತು. ಡ್ರೈವರ್ ಸೀಟಿನಲ್ಲಿದ್ದವನು ಅವರ ಕೈಕೆಳಗೆ ಕಲಿತವನು. ಹಾರ್ನ್ ಹೊಡೆದು, ಕಿರೀಟ ಚೆನ್ನಾಗಿದೆ ಸಾಹೇಬರೇ ಎಂದು ಕೂಗಿದ. ಬಸ್ಸಿಗೆ ಬಸ್ಸೇ ಆ ನಾಲ್ಕು ಕಾಲುಗಳನ್ನು ನೋಡಿ ನಗುತ್ತಿತ್ತು.

ಆಮೇಲೆ ಅವರು ಅಂಟು ಮಣ್ಣು ಕೆರೆದು ಹಾಕಿ, ಗರಸನ್ನೇ ಗಟ್ಟಿಯಾಗಿ ಬಡಿದು ದಾರಿ ಸರಿಮಾಡಿದರು. ಅಲ್ಲಲ್ಲಿ ಕುಲುಕುತ್ತಿತ್ತು. ಇರಲಿ ಬಿಡಿ ಅಂದರಂತೆ ಅತ್ತಿಗಿ. ತೀರಿಕೊಳ್ಳುವ ಹಿಂದಿನ ವಾರದವರೆಗೂ ಆ ಕೆಂಪು ಕುರ್ಚಿ ದಿನಾ ಸಂಜೆ ತಲೆಯ ಮೇಲೆ ಹೋಗುತ್ತಿತ್ತು, ತಲೆಯ ಮೇಲೆ ಬರುತ್ತಿತ್ತು.

ಒಮ್ಮೆ ನನಗೆ ಕನಿಕರ ತಡೆಯಲಾಗಲಿಲ್ಲ. ಅಣ್ಣಾ, ನಿಮಗೂ ವಯಸ್ಸಾಯಿತು, ಈ ಕುರ್ಚಿಯನ್ನು ರಾತ್ರಿ ನಮ್ಮ ಮನೆಯ ಕಟ್ಟೆಯ ಮೇಲೆ ಇಟ್ಟು ಹೋಗಿರಿ, ದಿನಾ ಹೊತ್ತುಕೊಂಡು ನಗೆಪಾಟಲಾಗುವುದು ಯಾಕೆ ಅಂದೆ. ಅವರು ಅತ್ತಿಗಿಯ ಕಡೆ ನೋಡಿದರು. ಅತ್ತಿಗಿ ಅಷ್ಟು ದೂರದಲ್ಲಿ ಯಾರಿಗೋ ಬೈಯುತ್ತಾ, ಗಾಲಿಯ ಮೇಲೆ ಕೈ ಊರಿ ಕುಳಿತಿದ್ದರು.

"ಇರ್ಲಿ ಬಿಡು ತಂಗಿ" ಅಂದರು, ದನಿ ತಗ್ಗಿಸಿ. "ನೋಡೋರು ನನ್ನ ನೋಡ್ಲಿ."